ಅಘನಾಶಿನಿ ಕೊಳ್ಳದ ಸಿಂಗಳೀಕ ಕಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ ಮತ್ತು ಹೊನ್ನಾವರ ತಾಲ್ಲೂಕುಗಳ ಘಟ್ಟದ ಇಳಿಜಾರಿನಲ್ಲಿ ಹಬ್ಬಿರುವ ನಿತ್ಯಹರಿದ್ವರ್ಣ ಕಾಡಿನ ಬಗ್ಗೆ ಊರಿನ ಸಭೆಗಳಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ಜಲಪಾತ ನೋಡಲು ಬಂದವರ ನಡುವೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೆಲವಕ್ಕೆ ನಾಲ್ಕು ಸಾಲಿನ ಉತ್ತರ ಸಾಕು. ಕೆಲವನ್ನು ಅಷ್ಟರಲ್ಲಿ ಮುಗಿಸಿದರೆ ಕಾಡಿಗೂ ಅನ್ಯಾಯ, ಕಾಡಿನಂಚಿನಲ್ಲಿ ಬದುಕುವವರಿಗೂ ಅನ್ಯಾಯ.

ಸಿಂಗಳೀಕ ಕಾಡು ಎಂದು ಕರೆಯುವುದು ಯಾವ ಪ್ರದೇಶವನ್ನು?

ಅಘನಾಶಿನಿ ನದಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕಣಿವೆಗಳ ನಡುವೆ ಸುತ್ತಿ ಬಳಸಿ, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಕಡಲನ್ನು ಸೇರುತ್ತದೆ. ಈ ನದಿಯ ಕೊಳ್ಳಕ್ಕೂ ಅದರ ದಕ್ಷಿಣಕ್ಕಿರುವ ಶರಾವತಿ ಕೊಳ್ಳಕ್ಕೂ ಸೇರಿದಂತೆ ಹಬ್ಬಿರುವ ಘಟ್ಟದ ಕಾಡೇ ಸಿಂಗಳೀಕ ಎಂಬ ಸಿಂಹಬಾಲದ ಮಂಗಗಳ ನೆಲೆ. ಇದರಲ್ಲಿ 299.52 ಚದರ ಕಿಲೋಮೀಟರ್ ಪ್ರದೇಶವನ್ನು ರಾಜ್ಯ ಸರ್ಕಾರ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. 2019ರಲ್ಲಿ ಈ ಮೀಸಲು, ಹಳೆಯ ಶರಾವತಿ ಕಣಿವೆ ಅಭಯಾರಣ್ಯ ಮತ್ತು ಅವುಗಳ ನಡುವಿನ ಕೆಲವು ಮೀಸಲು ಅರಣ್ಯಗಳನ್ನು ಒಗ್ಗೂಡಿಸಿ, ಸುಮಾರು 930 ಚದರ ಕಿಲೋಮೀಟರ್ ವಿಸ್ತಾರದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು. ಊರಿನವರ ಮಾತಿನಲ್ಲಿ ಮಾತ್ರ ಇವತ್ತಿಗೂ ಅದು ಘಟ್ಟದ ಕಾಡು, ಕತ್ತಲೆಕಾನು, ಇಲ್ಲವೇ ಬರೀ ಕಾನು.

ಸಂರಕ್ಷಣಾ ಮೀಸಲಿಗೂ ಅಭಯಾರಣ್ಯಕ್ಕೂ ಏನು ವ್ಯತ್ಯಾಸ? ಹಳ್ಳಿಯವರಿಗೆ ಅದರಿಂದ ಏನಾಗುತ್ತದೆ?

ಸಂರಕ್ಷಣಾ ಮೀಸಲು ಎಂಬ ವರ್ಗ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯ ಮೂಲಕ ಸೇರಿತು. ಸ್ಥಳೀಯ ಜನರೊಡನೆ ಸಮಾಲೋಚಿಸಿಯೇ ಅದನ್ನು ಘೋಷಿಸಬೇಕು, ಮತ್ತು ಅದರ ನಿರ್ವಹಣೆಗೆ ಸಲಹೆ ನೀಡುವ ಸಮಿತಿಯಲ್ಲಿ ಆ ವ್ಯಾಪ್ತಿಯ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕು ಎಂದು ಕಾಯ್ದೆ ಹೇಳುತ್ತದೆ. ಬೇಟೆ, ಬೆಂಕಿ ಹಚ್ಚುವುದು ಅಲ್ಲಿ ನಿಷಿದ್ಧ. ಆದರೆ ಜನರ ದಿನನಿತ್ಯದ ಕಾಡಿನ ಬಳಕೆ ಬಹುಮಟ್ಟಿಗೆ ಮೊದಲಿನಂತೆಯೇ ಮುಂದುವರಿಯುತ್ತದೆ.

ಅಭಯಾರಣ್ಯದ ಬಿಗಿ ಇನ್ನೂ ಹೆಚ್ಚು. ಅಲ್ಲಿಂದ ತೆಗೆದ ಅರಣ್ಯ ಉತ್ಪನ್ನವನ್ನು ಸುತ್ತಮುತ್ತಲಿನವರು ಸ್ವಂತ ಅಗತ್ಯಕ್ಕೆ ಬಳಸಬಹುದೇ ಹೊರತು ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬುದು ವನ್ಯಜೀವಿ ಕಾಯ್ದೆಯ ಮಾತು. ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ, ಮಾರುವ ಹಕ್ಕು ಅರಣ್ಯವಾಸಿಗಳಿಗೆ ಇದೆ ಎಂಬುದು 2006ರ ಅರಣ್ಯ ಹಕ್ಕು ಕಾಯ್ದೆಯ ಮಾತು. ಈ ಎರಡು ಕಾಯ್ದೆಗಳ ನಡುವೆ ಉಪ್ಪಾಗೆ ಎಂಬ ಹುಳಿ ಕಾಡುಹಣ್ಣನ್ನು ಕೊಯ್ಯುವವನ ಬುಟ್ಟಿ ಸಿಕ್ಕಿಕೊಂಡಿದೆ. ಅಭಯಾರಣ್ಯ ಎಂಬ ಹೆಸರು ಕೇಳಿದರೆ ಊರಿನವರು ಬೆಚ್ಚಿಬೀಳುವುದಕ್ಕೆ ಇದು ಕಾರಣವೇ ಹೊರತು ಮಂಗದ ಮೇಲಿನ ದ್ವೇಷವಲ್ಲ. 2011ರ ಮೀಸಲು ಜನರನ್ನು ಜೊತೆಗಿಟ್ಟುಕೊಳ್ಳುವ ಒಳ್ಳೆಯ ಪ್ರಯೋಗವಾಗಿತ್ತು, ಅದನ್ನು ಎಂಟೇ ವರ್ಷಕ್ಕೆ ಮತ್ತೊಂದು ವರ್ಗಕ್ಕೆ ಸೇರಿಸಿದ್ದರಿಂದ ಗಳಿಸಿದ್ದ ವಿಶ್ವಾಸದಲ್ಲಿ ಒಂದಿಷ್ಟು ಸೋರಿಹೋಯಿತು ಎಂಬುದು ಈ ಬರಹಗಾರನ ಅಭಿಪ್ರಾಯ. ಅದನ್ನು ಒಪ್ಪದವರೂ ಇದ್ದಾರೆ; ಬೃಹತ್ ಯೋಜನೆಗಳನ್ನು ತಡೆಯುವ ಬಲ ಅಭಯಾರಣ್ಯದ ಕಾನೂನಿಗೇ ಹೆಚ್ಚು ಎಂಬ ಅವರ ವಾದವೂ ಸುಳ್ಳಲ್ಲ.

ಇಷ್ಟೆಲ್ಲ ಪ್ರಾಣಿಗಳಿರುವಾಗ ಸಿಂಗಳೀಕದ ಹೆಸರೇ ಏಕೆ?

ಸಿಂಗಳೀಕ ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲಿಯೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಚದುರಿಹೋಗಿರುವ ಅದರ ನೆಲೆಗಳಲ್ಲಿ ಶಿರಸಿ–ಹೊನ್ನಾವರದ ಕಾಡೇ ಉತ್ತರದ ಕೊನೆಯದು. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿಯ ಕೇಸರ, ಬಾಲದ ತುದಿಯಲ್ಲಿ ಸಿಂಹದ್ದರಂಥ ಕುಚ್ಚು ಇರುವ ಈ ಪ್ರಾಣಿ ತನ್ನ ಬದುಕಿನ ಬಹುಪಾಲನ್ನು ಮರದ ನೆತ್ತಿಯಲ್ಲೇ ಕಳೆಯುತ್ತದೆ. ನೆಲಕ್ಕಿಳಿಯುವುದು ಅದಕ್ಕೆ ಅಷ್ಟು ಒಗ್ಗದ ಕೆಲಸ.

ಕೆಂಪುಮೂತಿಯ ಮಂಗ ತೋಟ, ಮನೆಯಂಗಳ, ಬಸ್ ನಿಲ್ದಾಣ ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಸಿಂಗಳೀಕಕ್ಕೆ ಆ ಜಾಣತನವಿಲ್ಲ. ಹೆಣ್ಣು ಮೊದಲ ಮರಿ ಹಾಕುವುದಕ್ಕೆ ಐದಾರು ವರ್ಷ ಕಾಯಬೇಕು, ಒಮ್ಮೆಗೆ ಒಂದೇ ಮರಿ, ಮುಂದಿನ ಮರಿಗೆ ಮತ್ತೆ ಎರಡು ಮೂರು ವರ್ಷ. ಒಂದು ಗುಂಪು ನಾಶವಾದರೆ ಅದರ ಜಾಗ ತುಂಬಲು ದಶಕಗಳು ಹಿಡಿಯುತ್ತವೆ. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಮರ ಹಣ್ಣು ಬಿಡುತ್ತಿರಬೇಕು, ಒಂದು ಮರದ ಕೊಂಬೆ ಇನ್ನೊಂದರ ಕೊಂಬೆಗೆ ತಾಗುತ್ತಿರಬೇಕು. ಈ ಎರಡೂ ಇರುವ ಕಡೆ ಕಾಡು ಗಟ್ಟಿಯಾಗಿದೆ ಎಂದರ್ಥ. ಹೆಸರಿಗೆ ಸಿಂಗಳೀಕವನ್ನು ಆರಿಸಿಕೊಂಡದ್ದು ಆ ಕಾರಣಕ್ಕೆ.

ರಾಮಪತ್ರೆ ಜಡ್ಡಿ ಎಂದರೇನು? ಒಂದು ಕೆಸರಿನ ಹೊಂಡಕ್ಕೆ ಅಷ್ಟೊಂದು ಮಹತ್ವವೇಕೆ?

ಜಡ್ಡಿ ಎಂದರೆ ನಮ್ಮ ಕಡೆಯ ಮಾತಿನಲ್ಲಿ ವರ್ಷವಿಡೀ ನೀರು ಜಿನುಗುವ ಜವುಳು ನೆಲ. ಗುಡ್ಡಗಳ ನಡುವಿನ ಕಿರಿದಾದ ಕಣಿವೆಗಳಲ್ಲಿ, ಹಳ್ಳ ಹುಟ್ಟುವ ಜಾಗದಲ್ಲಿಯೇ ಇಂಥ ಜಡ್ಡಿಗಳಿರುತ್ತವೆ. ಅಲ್ಲಿ ನೆಲದಲ್ಲಿ ಗಾಳಿಯಾಡುವುದಿಲ್ಲವಾದ್ದರಿಂದ ಸಾಮಾನ್ಯ ಮರ ಬದುಕುವುದಿಲ್ಲ. ರಾಮಪತ್ರೆಯ ಕುಟುಂಬಕ್ಕೆ ಸೇರಿದ ಕೆಲವು ಮರಗಳು ಮಾತ್ರ ಕೆಸರಿನಿಂದ ಮೇಲಕ್ಕೆ ಮಂಡಿ ಮಡಚಿದಂತೆ ಬೇರುಗಳನ್ನು ಎಬ್ಬಿಸಿ ಉಸಿರಾಡುತ್ತವೆ. ಕೆಲವು ಬುಡದ ಸುತ್ತ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತವೆ. ಹೂಬಿಡುವ ಸಸ್ಯಗಳ ಬಹಳ ಪ್ರಾಚೀನ ಕುಟುಂಬಗಳಲ್ಲಿ ಇದೂ ಒಂದು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಗಳು ಇವುಗಳಲ್ಲಿ ಹೆಸರಾದವು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ, ಗೇರಿನ ಬಳಗದ ಮರವನ್ನು 2000ದಲ್ಲಿ ವಿಜ್ಞಾನಕ್ಕೆ ಪರಿಚಯಿಸಿದಾಗ ಈ ಊರಿನ ಹೆಸರನ್ನೇ ಅದಕ್ಕೆ ಇಡಲಾಯಿತು; ಆ ಮರ ಬೆರಳೆಣಿಕೆಯ ಜಡ್ಡಿಗಳಲ್ಲಷ್ಟೇ ಉಳಿದಿದೆ. ಮೊಟ್ಟೆಗಳ ಮೇಲೆ ಕೈಯಿಂದ ಕೆಸರು ಮೆತ್ತಿ ಕಾಪಾಡುವ ಒಂದು ಕಪ್ಪೆಯನ್ನು ಇದೇ ಸೀಮೆಯಲ್ಲಿ ಗುರುತಿಸಿ, 2014ರಲ್ಲಿ ಅದಕ್ಕೆ ಕುಂಬಾರ ಕಪ್ಪೆ ಎಂದು ಹೆಸರಿಟ್ಟರು. ಮಡಕೆಗೆ ಮಣ್ಣು ಮೆತ್ತುವವನ ಕೈಯನ್ನು ನೋಡಿದವರಿಗೆ ಆ ಹೆಸರು ಎಷ್ಟು ಸರಿಯಾದುದೆಂದು ತಿಳಿಯುತ್ತದೆ.

ಜಡ್ಡಿಗೆ ಬಂದಿರುವ ಅಪಾಯವನ್ನು ಹೇಳುವಾಗ ನಮ್ಮವರ ಮೇಲೇ ಬೆರಳು ತೋರಬೇಕಾಗುತ್ತದೆ. ಇಕ್ಕೆಲದಲ್ಲಿ ಗುಡ್ಡ, ನಡುವೆ ತಂಪಾದ ಸಮತಟ್ಟು ಕಣಿವೆ, ಬೇಸಿಗೆಯಲ್ಲೂ ಬತ್ತದ ನೀರು: ಅಡಿಕೆ ತೋಟಕ್ಕೆ ಬೇಕಾದುದೂ ಇದೇ, ಜಡ್ಡಿಗೆ ಬೇಕಾದುದೂ ಇದೇ. ಶತಮಾನಗಳಿಂದ ಎಷ್ಟೋ ಜಡ್ಡಿಗಳು ಬಸಿಗಾಲುವೆ ತೋಡಿಸಿಕೊಂಡು ತೋಟವಾಗಿವೆ, ಗದ್ದೆಯಾಗಿವೆ. ಹಾಗೆ ತೋಟ ಮಾಡಿದ ಹಿರಿಯರನ್ನು ದೂರಿ ಪ್ರಯೋಜನವಿಲ್ಲ. ಆದರೆ ಉಳಿದಿರುವ ಜಡ್ಡಿಗಳ ನೀರನ್ನು ಈಗ ಪೈಪು ಹಾಕಿ ಮೇಲಿನಿಂದಲೇ ತಿರುಗಿಸಿಕೊಳ್ಳುವುದು ಸದ್ದಿಲ್ಲದೆ ನಡೆಯುವ ಹಾನಿ. ಒಂದು ಮರವನ್ನೂ ಕಡಿಯದೆ ಜಡ್ಡಿಯನ್ನು ಕೊಲ್ಲಬಹುದು. ರಾಮಪತ್ರೆಯ ಬೀಜ ಒಣಗಿದರೆ ಮೊಳೆಯುವುದಿಲ್ಲ, ಬಿದ್ದ ಕೆಲವೇ ದಿನಗಳಲ್ಲಿ ಹಸಿ ನೆಲ ಸಿಗಬೇಕು. ಮಂಗಟ್ಟೆ ಹಕ್ಕಿ ಬೀಜವನ್ನು ದೂರಕ್ಕೊಯ್ದು ಹಾಕಿದರೂ ಅಲ್ಲಿ ಜಡ್ಡಿ ಇರದಿದ್ದರೆ ಅದು ವ್ಯರ್ಥ.

ಈ ಕಾಡಿಗೆ ಇರುವ ಅತಿ ದೊಡ್ಡ ಅಪಾಯ ಯಾವುದು?

ಕೊಡಲಿ ಎಂದು ಬಹಳ ಜನ ಉತ್ತರ ನಿರೀಕ್ಷಿಸುತ್ತಾರೆ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು: ಸಹಜ ಕಾಡನ್ನು ಪ್ಲೈವುಡ್ಡಿಗೂ ಇತರ ಕೈಗಾರಿಕೆಗಳಿಗೂ ಕಡಿದು, ತೆರವಾದ ಜಾಗದಲ್ಲಿ ಸಾಗವಾನಿ ನೆಡುತ್ತಿದ್ದ ಕಾಲದಲ್ಲಿ, 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಆಮೇಲೆ ಇಲಾಖೆಯ ಧೋರಣೆ ಬದಲಾಯಿತು, ನಿತ್ಯಹರಿದ್ವರ್ಣ ಕಾಡಿನಲ್ಲಿ ಹಸಿ ಮರ ಕಡಿಯುವುದು ನಿಂತಿತು.

ಈಗಿನ ದೊಡ್ಡ ಅಪಾಯ ಕಾಡು ತುಂಡಾಗುವುದು. ನಕ್ಷೆಯಲ್ಲಿ ಹಸಿರು ಬಣ್ಣ ಅಷ್ಟೇ ಇರುತ್ತದೆ, ಆದರೆ ಅದರ ಮೇಲೆ ಗೆರೆಗಳು ಹೆಚ್ಚುತ್ತಾ ಹೋಗುತ್ತವೆ: ಅಗಲವಾದ ಹೆದ್ದಾರಿ, ವಿದ್ಯುತ್ ಮಾರ್ಗದ ಕೆಳಗೆ ಬೋಳಿಸಿದ ಪಟ್ಟಿ, ಕೊನೆಯ ಮನೆಯವರೆಗೆ ಮಾಡಿದ ಕಾಂಕ್ರೀಟು ರಸ್ತೆ. ಶರಾವತಿಯ ವಿದ್ಯುದಾಗಾರಗಳಿಂದ ಹೊರಟ ತಂತಿಗಳು ಕಾಡನ್ನು ಸೀಳಿಕೊಂಡೇ ಹೋಗಿವೆ. ಹೊನ್ನಾವರದಿಂದ ಗೇರುಸೊಪ್ಪೆ, ಮಾವಿನಗುಂಡಿಗಳ ಮೂಲಕ ಘಟ್ಟ ಏರುವ ಹೆದ್ದಾರಿ ಸಿಂಗಳೀಕದ ನೆಲೆಯ ನಡುವೆಯೇ ಹಾದುಹೋಗುತ್ತದೆ. ಶಿರಸಿ–ಕುಮಟಾ ರಸ್ತೆಯನ್ನು ಅಗಲಗೊಳಿಸುವಾಗ ದೇವಿಮನೆ ಘಟ್ಟದ ಬದಿಯ ಎಷ್ಟೋ ಹಳೆಯ ಮರಗಳು ಉರುಳಿದವು. ಮೊದಲು ಎರಡೂ ಬದಿಯ ಮರಗಳು ರಸ್ತೆಯ ಮೇಲೆ ಕೈಕೈ ಹಿಡಿದು ಚಪ್ಪರ ಹಾಕುತ್ತಿದ್ದವು. ಆ ಚಪ್ಪರ ಕಳಚಿದ ಮೇಲೆ ಸಿಂಗಳೀಕಕ್ಕೆ ರಸ್ತೆ ಒಂದು ಹೊಳೆಯಿದ್ದಂತೆ. ದಾಟದೆ ಉಳಿದರೆ ಗುಂಪು ಒಂದೇ ಬದಿಯಲ್ಲಿ ಸೆರೆಯಾಗಿ ತನ್ನೊಳಗೇ ಸಂತಾನ ಬೆಳೆಸಬೇಕು. ಇಳಿದು ದಾಟಿದರೆ ವಾಹನದ ಗಾಲಿಗೆ ಸಿಗಬೇಕು.

ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ತುಣುಕು ಕಾಡುಗಳಲ್ಲಿ ಉಳಿದುಕೊಂಡ ಸಿಂಗಳೀಕಗಳು ಈಗ ಮನೆಗಳ ಮಾಡಿನ ಮೇಲೆ ಓಡಾಡುತ್ತವೆ, ರಸ್ತೆ ದಾಟಲೆಂದು ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಬೇಕಾಗಿ ಬಂದಿದೆ. ನಮ್ಮ ಕಾಡು ಇನ್ನೂ ಆ ಸ್ಥಿತಿಗೆ ಬಂದಿಲ್ಲ. ಬರುವ ಮೊದಲು ಎಚ್ಚರಗೊಳ್ಳಲು ಸಮಯವಿದೆ ಎಂಬುದಷ್ಟೇ ನಮಗಿರುವ ಅನುಕೂಲ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ನೆಲದೊಳಗೆ ನಡೆಯುವಂಥದ್ದಲ್ಲವೇ? ಕಾಡಿಗೆ ಅದರಿಂದ ಏನು ತೊಂದರೆ?

ಯೋಜನೆಯ ತಿರುಳು ಸರಳವಾಗಿದೆ. ಮೇಲಿನ ತಲಕಳಲೆ ಮತ್ತು ಕೆಳಗಿನ ಗೇರುಸೊಪ್ಪೆ ಜಲಾಶಯಗಳು ಈಗಾಗಲೇ ಇವೆ. ವಿದ್ಯುತ್ ಅಗ್ಗವಾಗಿ ಸಿಗುವ ಹೊತ್ತಿನಲ್ಲಿ ನೀರನ್ನು ಕೆಳಗಿನಿಂದ ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಅದನ್ನೇ ಸುರಂಗದಲ್ಲಿ ಕೆಳಗಿಳಿಸಿ 2000 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುವುದು ಅದರ ಉದ್ದೇಶ. ನೀರೆತ್ತಲು ಖರ್ಚಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಯಾವಾಗಲೂ ಹೆಚ್ಚು. ಸೌರ ಮತ್ತು ಪವನ ವಿದ್ಯುತ್ತನ್ನು ಕೂಡಿಡಲು ಇಂಥ ವ್ಯವಸ್ಥೆ ಬೇಕು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಅದನ್ನು ಎಲ್ಲಿ ಕಟ್ಟಬೇಕು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಇಲ್ಲಿ ಆರಿಸಿಕೊಂಡಿರುವುದು ಸಿಂಗಳೀಕ ಅಭಯಾರಣ್ಯದ ಒಳಗಿನ ಜಾಗವನ್ನು.

ವಿದ್ಯುದಾಗಾರ ನೆಲದೊಳಗಿದ್ದರೂ ಅಲ್ಲಿಗೆ ತಲುಪುವ ರಸ್ತೆ ನೆಲದ ಮೇಲೆಯೇ ಇರಬೇಕು. ಸುರಂಗದಿಂದ ಹೊರತೆಗೆದ ಕಲ್ಲುಮಣ್ಣನ್ನು ಎಲ್ಲಿಯಾದರೂ ಸುರಿಯಬೇಕು, ಸ್ಫೋಟದ ಅದುರು ಗುಡ್ಡದ ಒಳಗಿನ ನೀರಿನ ದಾರಿಗಳಿಗೆ ತಟ್ಟುತ್ತದೆ, ವರ್ಷಗಟ್ಟಲೆ ನೂರಾರು ಕಾರ್ಮಿಕರ ಮತ್ತು ಲಾರಿಗಳ ಓಡಾಟವಿರುತ್ತದೆ. ನಾಶವಾಗುವ ಮರಗಳ ಸಂಖ್ಯೆಯ ಸುತ್ತಲೇ ಚರ್ಚೆ ತಿರುಗುತ್ತಿರುವುದು ವಿಷಾದದ ಸಂಗತಿ. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಉತ್ತರ ಆ ಲೆಕ್ಕಕ್ಕೆ ಸಿದ್ಧವಾಗಿಯೇ ಇರುತ್ತದೆ. ಎರಡು ಸಿಂಗಳೀಕ ಗುಂಪುಗಳ ನಡುವೆ ಕಡಿದುಹೋದ ಕೊಂಬೆಯ ದಾರಿಗೆ ಅಂಥ ಉತ್ತರವಿಲ್ಲ.

ಅಘನಾಶಿನಿಗೆ ಅಣೆಕಟ್ಟೇ ಇಲ್ಲವೆಂದ ಮೇಲೆ ನದಿಗೆ ಯಾವ ಭಯ?

ನೆರೆಯ ಕಾಳಿಯನ್ನು ನೋಡಿದರೆ ಈ ಪ್ರಶ್ನೆಯ ಉತ್ತರ ತಾನಾಗಿ ಹೊಳೆಯುತ್ತದೆ. ಸೂಪಾ, ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಎಂದು ಆ ನದಿ ಹೆಜ್ಜೆಹೆಜ್ಜೆಗೂ ನಿಂತು ಹೋಗುತ್ತದೆ. ಶರಾವತಿಗೆ 1964ರಲ್ಲೇ ಲಿಂಗನಮಕ್ಕಿ ಬಂತು. ಬೇಡ್ತಿ ನದಿಯ ಜಲವಿದ್ಯುತ್ ಯೋಜನೆ ಮಾತ್ರ 1980ರ ದಶಕದ ಆರಂಭದಲ್ಲಿ, ತೋಟಿಗರೂ ವಿಜ್ಞಾನಿಗಳೂ ಶಿರಸಿಯಲ್ಲಿ ಒಟ್ಟಿಗೆ ಕುಳಿತು ಲಾಭನಷ್ಟದ ಲೆಕ್ಕ ಹಾಕಿ ತೋರಿಸಿದ ಮೇಲೆ ಹಿಂದೆ ಸರಿಯಿತು. ಅಘನಾಶಿನಿ ಹುಟ್ಟಿನಿಂದ ಕಡಲಿನವರೆಗೆ ದೊಡ್ಡ ಕಟ್ಟೆಯಿಲ್ಲದೆ ಹರಿಯುವ, ರಾಜ್ಯದ ಅಪರೂಪದ ನದಿಗಳಲ್ಲೊಂದಾಗಿ ಉಳಿದಿದೆ.

ಹಾಗೆಂದು ಅದರ ಮೇಲೆ ಕಣ್ಣುಬಿದ್ದಿಲ್ಲವೆಂದಲ್ಲ. ಘಟ್ಟದ ಪಶ್ಚಿಮಕ್ಕೆ ಹರಿಯುವ ನೀರು ಕಡಲು ಸೇರಿ ವ್ಯರ್ಥವಾಗುತ್ತಿದೆ, ಅದನ್ನು ಪೂರ್ವಕ್ಕೆ ತಿರುಗಿಸಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಬೇಡ್ತಿ–ವರದಾ ಜೋಡಣೆಯ ಪ್ರಸ್ತಾವದ ಹಿಂದಿರುವ ತರ್ಕವೂ ಅದೇ. ಮಳೆಗಾಲದ ಕೆಂಪು ಪ್ರವಾಹವನ್ನಷ್ಟೇ ನೋಡಿದವರಿಗೆ ನೀರು ಹೆಚ್ಚಾಗಿದೆ ಅನ್ನಿಸುವುದು ಸಹಜ. ಏಪ್ರಿಲ್ ತಿಂಗಳಲ್ಲಿ ಉಂಚಳ್ಳಿಯ ಧಾರೆ ತೆಳ್ಳಗಾಗಿರುವುದನ್ನು, ಶಿರಸಿ ಪಟ್ಟಣಕ್ಕೆ ನೀರು ಕೊಡುವ ಕೆಂಗ್ರೆ ಮತ್ತು ಮಾರಿಗದ್ದೆಯ ಹೊಂಡಗಳು ತಳ ಕಾಣುವುದನ್ನು ನೋಡಿದರೆ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಕಾಡಿಗೂ ಕಡಲ ತೀರದವರಿಗೂ ಏನು ಸಂಬಂಧ?

ಸಿಹಿನೀರು ಇಳಿದುಬರುವ ಪ್ರಮಾಣ, ಅದು ಹೊತ್ತು ತರುವ ಎಲೆಗೊಬ್ಬರ ಮತ್ತು ಮೆಕ್ಕಲು, ಭರತದ ಉಪ್ಪುನೀರು ಏರುವ ದೂರ, ಇವೆಲ್ಲ ಕೂಡಿ ಅಳಿವೆಯ ಬದುಕನ್ನು ತೀರ್ಮಾನಿಸುತ್ತವೆ. ಅಘನಾಶಿನಿ ಅಳಿವೆಯ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರು, ಸಿಗಡಿ ಹಿಡಿಯುವವರು, ಅಳಿವೆಯಂಚಿನ ಗಜನಿ ಗದ್ದೆಯಲ್ಲಿ ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಬೆಳೆಯುವವರು, ಎಲ್ಲರೂ ಘಟ್ಟದ ಮೇಲಿನ ಕಾಡಿನ ಪಾಲುದಾರರೇ. 4,801 ಹೆಕ್ಟೇರಿನ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಸಿಕ್ಕಿತು. ಇದೇ ದಡದ ತದಡಿಯಲ್ಲಿ ಹಿಂದೊಮ್ಮೆ 4000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವವಿತ್ತು, ಜನರ ವಿರೋಧದ ನಡುವೆ ಅದು ಕೈಬಿಟ್ಟುಹೋಯಿತು. ಆ ಹೋರಾಟದಲ್ಲಿ ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಚಾಪೆಯ ಮೇಲೆ ಕುಳಿತದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ.

ಉಪ್ಪಾಗೆ ಕೊಯ್ಯುವುದರಿಂದ ಕಾಡಿಗೆ ಹಾನಿಯಾಗುತ್ತದೆಯೇ?

ಕೊಯ್ಲಿನಿಂದಲ್ಲ, ಕೊಯ್ಯುವ ರೀತಿಯಿಂದ ಮತ್ತು ಒಣಗಿಸುವ ರೀತಿಯಿಂದ. ಮೊದಲು ಉಪ್ಪಾಗೆಯ ಸಿಪ್ಪೆ ಮನೆಯ ಹುಳಿಗೆ, ಬೀಜ ತುಪ್ಪಕ್ಕೆ ಬಳಕೆಯಾಗುತ್ತಿತ್ತು. ಚಳಿಗಾಲದಲ್ಲಿ ಗಟ್ಟಿಯಾಗುವ ಆ ತುಪ್ಪವನ್ನು ದೋಸೆಗೆ ಹಾಕಿ ತಿಂದವರಿಗೆ ಅದರ ಘಮ ಗೊತ್ತು. 1990ರ ದಶಕದಲ್ಲಿ ಸಿಪ್ಪೆಯಲ್ಲಿರುವ ಆಮ್ಲದಿಂದ ಬೊಜ್ಜು ಕರಗಿಸುವ ಗುಳಿಗೆ ತಯಾರಿಸತೊಡಗಿದಾಗ ಹೊರದೇಶಗಳಿಂದ ಬೇಡಿಕೆ ಬಂತು, ಬೆಲೆ ಏರಿತು. ಕಾಡಿನ ಹಣ್ಣು ಮೊದಲು ಮುಟ್ಟಿದವನದು. ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಅವಸರದಲ್ಲಿ ಕಾಯಿ ಬಲಿಯುವ ಮೊದಲೇ ಬಡಿಯುವುದು, ಹತ್ತಲಾಗದ ಮರದ ಟೊಂಗೆಯನ್ನೇ ಕಡಿದು ಕೆಡವುವುದು ಆರಂಭವಾಯಿತು. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಫಲ ಬಿಡದ ಮರವೆಂದು ಗಂಡನ್ನು ಕಡಿದರೆ ಸುತ್ತಲಿನ ಹೆಣ್ಣು ಮರಗಳೂ ಬರಡಾಗುತ್ತವೆ.

ಇನ್ನೊಂದು ಸಂಗತಿ ಹೊರಗಿನವರಿಗೆ ತಟ್ಟನೆ ತೋಚುವುದಿಲ್ಲ. ಹಣ್ಣಾಗುವುದು ಜಡಿಮಳೆಯ ತಿಂಗಳುಗಳಲ್ಲಿ. ಬಿಸಿಲಿನ ಮುಖವೇ ಕಾಣದ ಆ ದಿನಗಳಲ್ಲಿ ಸಿಪ್ಪೆ ಒಣಗಬೇಕೆಂದರೆ ಅಟ್ಟದ ಕೆಳಗೆ ಹಗಲು ರಾತ್ರಿ ಬೆಂಕಿ ಉರಿಯಬೇಕು. ಒಂದು ಚೀಲ ಸಿಪ್ಪೆಯ ಹಿಂದೆ ಅದರ ಹಲವು ಪಟ್ಟು ತೂಕದ ಸೌದೆ ಇರುತ್ತದೆ, ಆ ಸೌದೆಯೂ ಅದೇ ಕಾಡಿನದು. ಕಡಿಮೆ ಸೌದೆಯಲ್ಲಿ ಒಣಗಿಸುವ ಸುಧಾರಿತ ಒಲೆಗಳು ಬಂದಿರುವುದು ಸಮಾಧಾನದ ವಿಷಯ. ಅರಣ್ಯ ಸಮಿತಿಗಳು ಗಟ್ಟಿಯಾಗಿರುವ ಊರುಗಳಲ್ಲಿ ಇಂಥ ದಿನಕ್ಕೆ ಮೊದಲು ಕೊಯ್ಯಬಾರದು, ಮರದಲ್ಲಿ ಇಷ್ಟು ಬಿಡಬೇಕು ಎಂಬ ಕಟ್ಟುಪಾಡುಗಳನ್ನು ಜನರೇ ಮಾಡಿಕೊಂಡಿದ್ದಾರೆ. ಹಾಗೆ ಬಿಟ್ಟ ಹಣ್ಣು ಸಿಂಗಳೀಕಕ್ಕೂ ಬೇಕು, ಮುಂದಿನ ಸಸಿಗೂ ಬೇಕು. ಅಪ್ಪೆಮಿಡಿಯ ಕಥೆಯೂ ಇದೇ ಆಗಿದೆ. ಹೊಳೆದಂಡೆಯ ಮಾವಿನ ಮರದ ಮಿಡಿಯನ್ನೆಲ್ಲ ಉಪ್ಪಿನಕಾಯಿ ಭರಣಿಗೆ ಸುರಿದರೆ, ಹಣ್ಣಾಗಿ ಬಿದ್ದು ಮೊಳೆಯಲು ಒಂದೂ ಉಳಿಯುವುದಿಲ್ಲ.

ಸೊಪ್ಪಿನ ಬೆಟ್ಟ ಕಾಡನ್ನು ಉಳಿಸಿದೆಯೋ, ಬೋಳಾಗಿಸಿದೆಯೋ?

ಎರಡೂ ನಿಜ. ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ, ಅಂದರೆ ಸೊಪ್ಪು ತರುವ ಕಾಡಿನ, ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಸೊಪ್ಪು, ದರಕು ಎಂಬ ಒಣ ಎಲೆ, ಒಣ ಸೌದೆ ಅಲ್ಲಿಂದಲೇ ಬರುತ್ತವೆ. ತನ್ನ ಬೆಟ್ಟವನ್ನು ಮನೆಯ ಹಿತ್ತಿಲಿನಂತೆ ನೋಡಿಕೊಂಡವನ ಬೆಟ್ಟ ಇಂದಿಗೂ ದಟ್ಟವಾಗಿದೆ. ವರ್ಷವೂ ಮರಗಳನ್ನು ತುದಿಯವರೆಗೆ ಸವರಿದವನ ಬೆಟ್ಟದಲ್ಲಿ ಕಂಬದಂಥ ಬೊಡ್ಡೆಗಳು ನಿಂತಿವೆ, ಅವುಗಳ ಬುಡದಲ್ಲಿ ಲಾಂಟಾನ, ಯುಪಟೋರಿಯಂ ಹಬ್ಬಿದೆ. ಈಚಿನ ಚಿಂತೆ ಬೇರೆ: ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಗದ್ದೆಗಳು ತೋಟವಾದವು, ಆಮೇಲೆ ತೋಟ ಬೆಟ್ಟಕ್ಕೆ ಏರಿತು. ಎಲೆಚುಕ್ಕಿ ರೋಗ ಬಂದು ಹಳೆಯ ತೋಟವೇ ಸೊರಗಿರುವ ಹೊತ್ತಿನಲ್ಲಿ ಹೊಸ ತೋಟಕ್ಕೆ ಬೆಟ್ಟ ಕಡಿಯುವುದು ಯಾವ ಲೆಕ್ಕಾಚಾರಕ್ಕೂ ಹೊಂದುವುದಿಲ್ಲ.

ಅತಿಕ್ರಮಣದಾರರನ್ನು ಹೊರಹಾಕಿದರೆ ಸಮಸ್ಯೆ ಮುಗಿಯುವುದಿಲ್ಲವೇ?

ಇಲ್ಲ. ಜಿಲ್ಲೆಯ ಶೇಕಡಾ 80ರ ಹತ್ತಿರ ಭೂಮಿ ಅರಣ್ಯವಾಗಿರುವಾಗ, ಕಾಗದದಲ್ಲಿ ಅರಣ್ಯವೆಂದಿರುವ ನೆಲದ ಮೇಲೆ ತಲೆಮಾರುಗಳಿಂದ ಮನೆ, ಗದ್ದೆ ಮಾಡಿಕೊಂಡವರು ಸಾವಿರಾರು ಮಂದಿ ಇದ್ದಾರೆ. ಅರಣ್ಯ ಹಕ್ಕು ಕಾಯ್ದೆಯಡಿ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅಜ್ಜನ ಕಾಲದಲ್ಲಿ ಕಾಗದ ಮಾಡಿಸುವ ರೂಢಿಯೇ ಇರದ ಕುಟುಂಬ ಅದನ್ನು ಎಲ್ಲಿಂದ ತರಬೇಕು? ಎರಡು ಎಕರೆ ಗದ್ದೆಯ ಹಳೆಯ ಸಾಗುವಳಿಯನ್ನೂ, ಹಣವಿದ್ದವರು ಯಂತ್ರ ತಂದು ಒಂದೇ ಬೇಸಿಗೆಯಲ್ಲಿ ಗುಡ್ಡ ಬೋಳಿಸುವುದನ್ನೂ ಒಂದೇ ಪದದಿಂದ ಕರೆಯುವುದು ನಮ್ಮ ಚರ್ಚೆಯ ದೊಡ್ಡ ದೋಷ.

ಅಕೇಶಿಯಾ ನೆಡುತೋಪು ಕೂಡ ಹಸಿರೇ ತಾನೆ?

ದೂರದಿಂದ ನೋಡಿದರೆ ಹೌದು. ಬರಡು ಗುಡ್ಡಕ್ಕೆ ಬೇಗ ಹಸಿರು ಹೊದಿಸಲು, ಸೌದೆಯ ಒತ್ತಡವನ್ನು ಸಹಜ ಕಾಡಿನ ಮೇಲಿಂದ ಇಳಿಸಲು ಅದು ನೆರವಾಯಿತು ಎಂಬುದನ್ನು ಒಪ್ಪಬೇಕು. ಆದರೆ ಅದರ ಒಣ ಎಲೆ ಬೇಗ ಕೊಳೆಯುವುದಿಲ್ಲ, ಸಿಂಗಳೀಕಕ್ಕಾಗಲಿ ಮಂಗಟ್ಟೆಗಾಗಲಿ ತಿನ್ನುವಂಥ ಹಣ್ಣಿಲ್ಲ, ಕಾಡಿನ ಎರಡು ತುಂಡುಗಳ ನಡುವೆ ಬೆಳೆದ ತೋಪು ನಕ್ಷೆಯಲ್ಲಿ ಸೇತುವೆಯಂತೆ ಕಂಡರೂ ಪ್ರಾಣಿಗೆ ಅದು ಉಪವಾಸದ ದಾರಿ.

ಇಷ್ಟು ಮಳೆ ಬೀಳುವ ಕಾಡಿಗೆ ಬೆಂಕಿಯ ಭಯವಿದೆಯೇ?

ಒಳಗಿನ ಕಾನಿಗೆ ಕಡಿಮೆ, ಅಂಚಿಗೆ ಹೆಚ್ಚು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕರಡ ಎಂಬ ಹುಲ್ಲು ಒಣಗಿ ನಿಂತ ಬೇಣದ ಹುಲ್ಲುಗಾವಲಿನಲ್ಲಿ ಹಚ್ಚಿದ ಕಿಡಿ ಕಾಡಿನಂಚನ್ನು ನೆಕ್ಕುತ್ತದೆ. ನಿತ್ಯಹರಿದ್ವರ್ಣ ಮರಗಳ ತೊಗಟೆ ತೆಳು, ಅವಕ್ಕೆ ಬೆಂಕಿಯ ಅಭ್ಯಾಸವಿಲ್ಲ. ಪ್ರತಿ ಬಾರಿಯೂ ಅಂಚು ನಾಲ್ಕು ಮಾರು ಹಿಂದೆ ಸರಿಯುತ್ತದೆ, ಆ ಜಾಗಕ್ಕೆ ಮತ್ತೆ ಕರಡವೇ ಬರುತ್ತದೆ.

ಗುಡ್ಡ ಕುಸಿಯುವುದಕ್ಕೂ ಕಾಡಿಗೂ ಸಂಬಂಧವಿದೆಯೇ?

2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿ ಕೆಳಗಿಳಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಯವರೆಗೆ ಮಣ್ಣು ಹರಿದು, ಜೀವಗಳು ಹೋದವು. ಈ ಎರಡನ್ನೂ ಒಂದೇ ಕಾರಣಕ್ಕೆ ಕಟ್ಟಿಹಾಕುವುದು ಸರಿಯಲ್ಲ. ಕೆಲವೇ ದಿನಗಳಲ್ಲಿ ಸುರಿಯುವ ವಿಪರೀತ ಮಳೆ ಎರಡೂ ಕಡೆ ಇತ್ತು. ಆದರೆ ಕಡಿದಾದ ಇಳಿಜಾರಿನ ಬುಡವನ್ನು ರಸ್ತೆಗಾಗಿ ನೆಟ್ಟಗೆ ಕತ್ತರಿಸಿದರೆ ಮೇಲಿನ ಜಂಬಿಟ್ಟಿಗೆ ಮಣ್ಣಿಗೆ ಆಸರೆ ತಪ್ಪುತ್ತದೆ, ನೀರು ಹರಿದುಹೋಗುವ ಸಹಜ ತೋಡುಗಳನ್ನು ಮುಚ್ಚಿದರೆ ಅದು ಗುಡ್ಡದೊಳಕ್ಕೇ ಇಳಿಯುತ್ತದೆ. ಬೇರು ಮೇಲ್ಪದರದ ಮಣ್ಣನ್ನು ಹಿಡಿದಿಡಬಲ್ಲದು. ಬುಡವನ್ನೇ ಕಿತ್ತ ಗುಡ್ಡವನ್ನು ಹಿಡಿದಿಡುವ ಶಕ್ತಿ ಯಾವ ಮರಕ್ಕೂ ಇಲ್ಲ. ಘಟ್ಟದ ರಸ್ತೆಗಳನ್ನು ಬಯಲುಸೀಮೆಯ ಅಳತೆಗೆ ಅಗಲಗೊಳಿಸುವಾಗ ಈ ಮಾತನ್ನು ಗಮನಿಸಬೇಕಿತ್ತು.

ಮಂಗನ ಕಾಯಿಲೆ ಸಿಂಗಳೀಕದಿಂದ ಬರುತ್ತದೆಯೇ?

ಇದು ತಪ್ಪು ತಿಳಿವಳಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗವನ್ನು ಹರಡುವುದು ಉಣುಗು, ಅಂದರೆ ಉಣ್ಣೆ. ಅದರಿಂದ ಕಾಡಿನಲ್ಲಿ ಹೆಚ್ಚಾಗಿ ಸಾಯುವುದು ಕೆಂಪುಮೂತಿಯ ಮಂಗ ಮತ್ತು ಮುಷ್ಯ ಎಂಬ ಕಪ್ಪುಮೂತಿಯ ಮಂಗ, ಅಂದರೆ ಮನುಷ್ಯರಂತೆ ಅವೂ ರೋಗಕ್ಕೆ ತುತ್ತಾಗುವ ಜೀವಿಗಳು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸಿದ್ದಾಪುರದ ಹಳ್ಳಿಗಳಲ್ಲಿ ದರಕು ತರಲು ಹೋಗುವವರು ಮೈಗೆ ತೈಲ ಹಚ್ಚಿಕೊಂಡು, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯುವುದನ್ನು ಬಿಡಬಾರದು.

ರಸ್ತೆಬದಿಯಲ್ಲಿ ಸಿಂಗಳೀಕ ಕಂಡರೆ ಬಾಳೆಹಣ್ಣು ಕೊಡಬಹುದೇ?

ಖಂಡಿತ ಕೊಡಬಾರದು. ಒಂದು ಬಿಸ್ಕಿಟ್ಟು ಅದನ್ನು ಮರದಿಂದ ಡಾಂಬರಿಗೆ ಇಳಿಸುತ್ತದೆ, ಎರಡನೆಯ ಸಲ ಅದು ತಾನಾಗಿಯೇ ಇಳಿಯುತ್ತದೆ. ಕಾರು ನಿಲ್ಲಿಸದೆ ಮುಂದೆ ಹೋಗುವುದೇ ಮೇಲು.

ಯುನೆಸ್ಕೊ ಪಟ್ಟಿಯಲ್ಲಿ ಈ ಕಾಡು ಇದೆಯೇ?

ಇಲ್ಲ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳಿಗೆ ವಿಶ್ವ ಪರಂಪರೆಯ ಮಾನ್ಯತೆ ಬಂದಾಗ ಕರ್ನಾಟಕದ ಹತ್ತು ತಾಣಗಳು ಸೇರಿದವು. ಅವೆಲ್ಲ ಕೊಡಗು ಮತ್ತು ಕುದುರೆಮುಖ–ಆಗುಂಬೆಯ ಸುತ್ತಲಿನವು. ಉತ್ತರ ಕನ್ನಡದ ಒಂದೂ ಇಲ್ಲ. ಕೇಂದ್ರದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಬೇರೆಯೇ ವಿಷಯ, ಎರಡನ್ನೂ ಬೆರೆಸಿ ಗಾಬರಿಯಾಗುವವರು ಬಹಳ. 2024ರ ಜುಲೈನಲ್ಲಿ ಹೊರಡಿಸಿದ ಆರನೆಯ ಕರಡಿನಲ್ಲಿ ರಾಜ್ಯದ 20,668 ಚದರ ಕಿಲೋಮೀಟರ್ ಸೇರಿತ್ತು, ರಾಜ್ಯ ಸರ್ಕಾರ ಅದನ್ನು ಒಪ್ಪಲಿಲ್ಲ.

ದೊಡ್ಡ ಯೋಜನೆಯೊಂದು ಬಂದರೆ ಸಾಮಾನ್ಯ ಗ್ರಾಮಸ್ಥರು ಏನು ಮಾಡಬಹುದು?

ಪರಿಸರ ಅನುಮತಿ ಬೇಕಾದ ಬಹುತೇಕ ದೊಡ್ಡ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದಕ್ಕೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿಯೂ ಸಿಗಬೇಕು. ಆ ಸಾರಾಂಶವನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ಊರಿನ ಹಳ್ಳ, ಜಡ್ಡಿ, ದೇವರಕಾನು ನಮೂದಾಗಿವೆಯೇ ಎಂದು ಮೊದಲು ನೋಡಿ. ಬಹಳ ಸಲ ನಮೂದಾಗಿರುವುದಿಲ್ಲ, ಏಕೆಂದರೆ ವರದಿ ಬರೆದವರು ಬೇಸಿಗೆಯಲ್ಲಿ ಎರಡು ದಿನ ಬಂದು ಹೋಗಿರುತ್ತಾರೆ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಿದ್ದರೆ ಅದು ನಿಮ್ಮ ಕೈಯಲ್ಲಿರುವ ಅಧಿಕೃತ ಸಾಕ್ಷ್ಯ. ಎಷ್ಟೋ ಪಂಚಾಯಿತಿಗಳಲ್ಲಿ ಆ ಪುಸ್ತಕ ಕಪಾಟಿನಲ್ಲಿ ಬೀಗದೊಳಗಿದೆ. ತೆಗೆಸಿ, ಓದಿ, ಬಿಟ್ಟುಹೋದ ಮರಗಳನ್ನೂ ನೀರಿನ ಸೆಲೆಗಳನ್ನೂ ಸೇರಿಸಲು ಹೇಳಿ. ಸಭೆಯಲ್ಲಿ ಆಡಿದ ಮಾತು ದಾಖಲಾಗುತ್ತದೆ. ಆದರೂ ಅದನ್ನೇ ಬರಹದಲ್ಲಿಯೂ ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆದು, ಅದರ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.